ಹೆಸರಿನಲ್ಲೇ ಅರ್ಥ ಹೊತ್ತ ಕಟ್ಟಡಗಳು

ಚೀನಾದ ಹಳೆಯ ಮನೆಗಳ ಬಾಗಿಲು, ಕಿಟಕಿ, ತೊಲೆಗಳ ಮೇಲೆ ಬಾವಲಿಯ ಕೆತ್ತನೆ ಮತ್ತೆ ಮತ್ತೆ ಕಾಣುತ್ತದೆ. ಬಾವಲಿ ಮನೆ ಹೊಕ್ಕರೆ ಅಪಶಕುನವೆನ್ನುವ ನಮ್ಮ ಕಡೆಯವರಿಗೆ ಇದು ವಿಚಿತ್ರವೆನಿಸೀತು. ಅಲ್ಲಿ ಬಾವಲಿಗೆ ಗೌರವ ಸಿಕ್ಕಿದ್ದು ಅದರ ರೂಪದಿಂದಲ್ಲ, ಹೆಸರಿನಿಂದ. ಅದನ್ನು 'ಬಿಯಾನ್‌ಫು' ಎನ್ನುತ್ತಾರೆ. ಕೊನೆಯ 'ಫು' ಎಂಬ ಸದ್ದಿಗೆ ಭಾಗ್ಯ ಎಂಬ ಅರ್ಥವೂ ಉಂಟು. ಹಾಗೆಯೇ ಮೀನಿನ 'ಯು' ಸಮೃದ್ಧಿಯನ್ನೂ ಹೂದಾನಿಯ 'ಪಿಂಗ್' ನೆಮ್ಮದಿಯನ್ನೂ ಸೂಚಿಸುತ್ತವೆ. ಸ್ವರದ ಏರಿಳಿತ ಬಿಟ್ಟು ಎಣಿಸಿದರೆ ಚೀನೀ ಭಾಷೆಯಲ್ಲಿರುವುದು ಸುಮಾರು 400 ಉಚ್ಚಾರಾಂಶಗಳು ಮಾತ್ರ. ಹಾಗಾಗಿ ಒಂದೇ ಸದ್ದಿಗೆ ಹತ್ತಾರು ಅರ್ಥ ಅಲ್ಲಿ ಸಹಜ. ನಮ್ಮ ಕವಿಗಳು ಶ್ಲೇಷೆಯಲ್ಲಿ ಮಾಡಿದ್ದನ್ನು ಅಲ್ಲಿನ ಬಡಗಿಗಳೂ ಕಲ್ಲುಕುಟಿಗರೂ ಮರ, ಕಲ್ಲುಗಳಲ್ಲಿ ಮಾಡಿದರು. ಅಕ್ಷರ ಬಾರದವರಿಗೂ ಇದು ಅರ್ಥವಾಗುತ್ತಿತ್ತು, ಏಕೆಂದರೆ ಮಾತು ಬಂದರೆ ಸಾಕಿತ್ತು. ಆದ್ದರಿಂದ ಇವುಗಳನ್ನು ಬರೀ ಅಲಂಕಾರವೆಂದೋ ಮೂಢನಂಬಿಕೆಯೆಂದೋ ಪಕ್ಕಕ್ಕಿಡುವುದು ತಪ್ಪು. ಇವು ಮಾತನ್ನು ಕಟ್ಟಡಕ್ಕೆ ಇಳಿಸಿದ ರೀತಿ.

ಇದಕ್ಕೆ ಗಟ್ಟಿ ಪುರಾವೆ ನಿಂಗ್‌ಬೊ ನಗರದ ಟಿಯಾನ್‌ಯಿ ಗ್ರಂಥಾಲಯ. 16ನೆಯ ಶತಮಾನದಲ್ಲಿ ಫಾನ್ ಚಿನ್ ಎಂಬ ನಿವೃತ್ತ ಅಧಿಕಾರಿ ಇದನ್ನು ಕಟ್ಟಿಸಿದ. ಮರದ ಕಟ್ಟಡ, ತುಂಬ ಕಾಗದ. ಬೆಂಕಿಯ ಭಯ ಸಹಜವೇ. 'ಆಕಾಶದ ಒಂದು ನೀರನ್ನು ಹುಟ್ಟಿಸುತ್ತದೆ, ಭೂಮಿಯ ಆರು ಅದನ್ನು ಪೂರ್ಣಗೊಳಿಸುತ್ತದೆ' ಎಂಬ ಹಳೆಯ ಸಂಖ್ಯಾತತ್ವವನ್ನು ಆಧರಿಸಿ ಆತ 'ಟಿಯಾನ್‌ಯಿ', ಅಂದರೆ ಆಕಾಶದ ಒಂದು, ಎಂದು ಹೆಸರಿಟ್ಟ. ಮೇಲಂತಸ್ತು ಗೋಡೆಗಳಿಲ್ಲದ ಒಂದೇ ಕೋಣೆ. ಕೆಳಗೆ ಆರು ಅಂಕಣ. ಗಮನಿಸಬೇಕಾದದ್ದು ಇದೇ: ಚೀನಾದ ಸಾಂಪ್ರದಾಯಿಕ ಕಟ್ಟಡಗಳಲ್ಲಿ ಅಂಕಣಗಳು ಸಾಮಾನ್ಯವಾಗಿ ಬೆಸಸಂಖ್ಯೆಯಲ್ಲಿರುತ್ತವೆ, ಬಾಗಿಲು ನಟ್ಟನಡುವೆ ಬರಲೆಂದು. ಬರಿಯ ಅಂದಕ್ಕಾಗಿ ಅಂಥ ರೂಢಿಯನ್ನು ಯಾರೂ ಮುರಿಯುವುದಿಲ್ಲ. 1770ರ ದಶಕದಲ್ಲಿ ಚಿಯಾನ್‌ಲಾಂಗ್ ಚಕ್ರವರ್ತಿ ತನ್ನ ಬೃಹತ್ ಗ್ರಂಥಸಂಗ್ರಹವಾದ ಸಿಕು ಚುವಾನ್‌ಶುವನ್ನು ಇಡಲು ಬೀಜಿಂಗ್ ಅರಮನೆಯೊಳಗೆ ವೆನ್‌ಯುವಾನ್ ಗ್ರಂಥಾಲಯ ಕಟ್ಟಿಸಿದಾಗ ಇದನ್ನೇ ಮಾದರಿಯಾಗಿಟ್ಟುಕೊಂಡ. ಅರಮನೆಯ ಪ್ರಧಾನ ಭವನಗಳಿಗೆಲ್ಲ ಹಳದಿ ಹೆಂಚು. 1776ರಲ್ಲಿ ಮುಗಿದ ಈ ಗ್ರಂಥಾಲಯಕ್ಕೆ ಮಾತ್ರ ಕಪ್ಪು. ಪಂಚತತ್ವಗಳ ಲೆಕ್ಕದಲ್ಲಿ ಕಪ್ಪು ನೀರಿನ ಬಣ್ಣ.

ಇವೆಲ್ಲ ಆಮೇಲೆ ಅಂಟಿಸಿದ ಕಥೆಗಳು ಎಂಬ ಆಕ್ಷೇಪ ಉಂಟು. ಚಾವಣಿಯ ಅಂಚಿನಲ್ಲಿ ಸಾಲಾಗಿ ಕೂತ ಪ್ರಾಣಿಗೊಂಬೆಗಳು ಮೊದಲಿಗೆ ಹೆಂಚು ಜಾರದಂತೆ ಹೊಡೆದ ಮೊಳೆಗಳ ಮುಚ್ಚಳಗಳು ಎನ್ನುತ್ತಾರೆ. ಇರಬಹುದು. ಆದರೆ ಅರಮನೆಯ ತೈಹೆ ಭವನದ ಮೇಲೆ ಮಾತ್ರ ಹತ್ತು ಪ್ರಾಣಿಗಳು, ಉಳಿದವುಗಳ ಮೇಲೆ ಅಂತಸ್ತಿಗೆ ತಕ್ಕಂತೆ ಕಡಿಮೆ ಏಕೆ? ಮೊಳೆಗೆ ಅಂತಸ್ತಿನ ಗೊಡವೆಯಿಲ್ಲ. ಉಪಯೋಗ ಮೊದಲು ಬಂತು ಎಂದ ಮಾತ್ರಕ್ಕೆ ಅರ್ಥ ಸುಳ್ಳಾಗದು. ಬೆಂಕಿಯಿಂದ ಕಾಯುತ್ತವೆಂದು ನಂಬಿದ ಈ ಪ್ರಾಣಿಗಳಿದ್ದೂ ಅರಮನೆ ಸುಟ್ಟಿತಲ್ಲ ಎಂದೂ ಕೇಳಬಹುದು. ಸುಟ್ಟದ್ದು ನಿಜ: 1420ರಲ್ಲಿ ಅರಮನೆ ಮುಗಿದು, 1421ರಲ್ಲೇ ಮುಖ್ಯ ಭವನಗಳು ಬೆಂಕಿಗೆ ಆಹುತಿಯಾದವು. ಆದರೆ ಅಲ್ಲಿನವರು ಸಂಕೇತವೊಂದನ್ನೇ ನಂಬಿ ಕೂತಿರಲಿಲ್ಲ. ಅರಮನೆಯಲ್ಲಿ ದೊಡ್ಡ ಲೋಹದ ಹಂಡೆಗಳಲ್ಲಿ ಸದಾ ನೀರಿತ್ತು. ಟಿಯಾನ್‌ಯಿ ಮುಂದೆ ಕೊಳವಿತ್ತು, ಫಾನ್ ಮನೆತನ ಗ್ರಂಥಾಲಯದೊಳಗೆ ಬೆಂಕಿ ತರುವುದನ್ನೇ ನಿಷೇಧಿಸಿತ್ತು. ಕಪ್ಪು ಹೆಂಚು ಪ್ರಾರ್ಥನೆ, ಕೊಳ ಏರ್ಪಾಡು. ಎರಡೂ ಬೇಕೆಂಬುದು ಅವರ ತಿಳಿವು.

ಹಾಗೆಂದು ಎಲ್ಲ ಲೆಕ್ಕಕ್ಕೂ ತಲೆಬಾಗಬೇಕಿಲ್ಲ. ಬೀಜಿಂಗ್‌ನ ಸ್ವರ್ಗ ದೇವಾಲಯದ ಪ್ರಾರ್ಥನಾ ಭವನದ 28 ಕಂಬಗಳಲ್ಲಿ ಋತು, ತಿಂಗಳು, ನಕ್ಷತ್ರಗಳನ್ನೆಲ್ಲ ಕಾಣಿಸುವ ವಿವರಣೆ ಜನಪ್ರಿಯ. ನಡುವಿನ ನಾಲ್ಕು ಕಂಬಗಳು ನಾಲ್ಕು ಋತುಗಳು ಎನ್ನುವುದು ಒಪ್ಪುವಂತಿದೆ. ಬೇರೆ ಬೇರೆ ಸಾಲುಗಳನ್ನು ಕೂಡಿಸಿ ಹೊಸ ಹೊಸ ಅರ್ಥ ತೆಗೆಯುವಾಗ ಎಚ್ಚರ ಬೇಕು. ಹಳೆಯ ಬರಹದ ಆಧಾರವಿದೆಯೇ, ಅದಕ್ಕಾಗಿ ರೂಢಿಯನ್ನು ಮುರಿದಿದ್ದಾರೆಯೇ, ಅದೇ ಬೇರೆಡೆಯೂ ಮರುಕಳಿಸುತ್ತದೆಯೇ ಎಂದು ಕೇಳಿ ಅಳೆಯೋಣ. ಈ ಅಳತೆಯಲ್ಲಿ ಬಾವಲಿಯೂ ಗೆಲ್ಲುತ್ತದೆ, ಕಪ್ಪು ಹೆಂಚೂ ಗೆಲ್ಲುತ್ತದೆ. ಚೀನಾದ ಕಟ್ಟಡವೊಂದರ ಚಿತ್ರ ಕಂಡಾಗ ಅದರ ಮೇಲಿರುವುದು ಏನು ಎಂದಷ್ಟೇ ಕೇಳಬೇಡಿ, ಅಲ್ಲಿನವರು ಅದನ್ನು ಏನೆಂದು ಕರೆಯುತ್ತಾರೆ ಎಂದೂ ಕೇಳಿ.