ಚೆಲುವಿನ ಪೈಪೋಟಿ

ಅಕ್ಕಿಹೆಬ್ಬಾಳಿನಲ್ಲಿ ರೈಲು ಹತ್ತಿ ಮೈಸೂರಿನ ಕಾಲೇಜಿಗೆ ಹೋಗುವ ಹುಡುಗಿಯರ ಮೊಬೈಲಿನಲ್ಲೂ ಈಗ ಕೊರಿಯಾದ ಧಾರಾವಾಹಿಗಳಿವೆ. ‘ಗಾಜಿನಂಥ ಚರ್ಮ’ದ ಹಂಬಲ ಹೇಮಾವತಿಯ ದಂಡೆಗೂ ಬಂದಿದೆ.

ಕೊರಿಯಾದಲ್ಲಿ ಕಣ್ರೆಪ್ಪೆಗೆ ಮಡಿಕೆ ಹಾಕಿಸಿಕೊಳ್ಳುವುದು ಬರಿಯ ಶೋಕಿಯಲ್ಲ. ಉದ್ಯೋಗದ ಅರ್ಜಿಗೆ ಭಾವಚಿತ್ರ ಲಗತ್ತಿಸುವುದು ಅಲ್ಲಿನ ಹಳೆಯ ರೂಢಿ. ಮುಖವೇ ಅರ್ಹತೆಯಾದರೆ ಅದಕ್ಕೆ ಬಂಡವಾಳ ಹೂಡುವುದು ಲೆಕ್ಕಕ್ಕೆ ಒಪ್ಪುವ ಮಾತೇ. ಆದರೆ ಎಲ್ಲರೂ ಹೂಡಿದ ಮೇಲೆ ಯಾರಿಗೂ ಮುನ್ನಡೆ ಉಳಿಯದು. ಖರ್ಚು ಮಾತ್ರ ಉಳಿಯುತ್ತದೆ. ಕೆಲಸಕ್ಕೆ ಸಂಬಂಧಿಸದ ಎತ್ತರ, ತೂಕಗಳ ವಿವರ ಕೇಳಕೂಡದೆಂದು 2019ರಲ್ಲಿ ಅಲ್ಲಿ ಕಾಯ್ದೆಯನ್ನೇ ತಿದ್ದಬೇಕಾಯಿತು.

ನಮ್ಮಲ್ಲಿ ಆ ಉದ್ಯೋಗದಾತನ ಜಾಗದಲ್ಲಿ ವರನ ಕಡೆಯವರಿದ್ದಾರೆ. 1975ರಲ್ಲಿ ಬಂದ ‘ಫೇರ್ ಅಂಡ್ ಲವ್ಲಿ’ 2020ರಲ್ಲಿ ಹೆಸರನ್ನಾದರೂ ಬದಲಿಸಿತು. ವಧು ಬೇಕೆನ್ನುವ ಜಾಹೀರಾತುಗಳು ಅಷ್ಟನ್ನೂ ಮಾಡಿಲ್ಲ. 2022ರ ಮೇ ತಿಂಗಳಲ್ಲಿ, ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡ ಕಿರುತೆರೆ ನಟಿ ಚೇತನಾ ರಾಜ್ ಅವರಿಗೆ 21 ವರ್ಷ.

ರೋಗಕ್ಕೆ ಮಾಡುವ ಚಿಕಿತ್ಸೆಗೆ ಜಿಎಸ್‌ಟಿ ವಿನಾಯಿತಿಯಿದೆ, ಬರಿಯ ಅಂದಕ್ಕಾಗಿ ಮಾಡುವುದಕ್ಕಿಲ್ಲ. ಖಜಾನೆಗೆ ಈ ಭೇದ ಚೆನ್ನಾಗಿ ಗೊತ್ತು! ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿಗೆ ರಾಜ್ಯದಲ್ಲಿ 2007ರ ಕಾಯ್ದೆಯೂ ಇದೆ. ಯಾವ ಕ್ಲಿನಿಕ್ಕಿಗೆ ಯಾವ ಶಸ್ತ್ರಚಿಕಿತ್ಸೆಗೆ ಅನುಮತಿ ಎಂಬುದನ್ನು ಬಾಗಿಲಲ್ಲೇ ಕನ್ನಡದಲ್ಲಿ ಬರೆಸುವುದು ಜಿಲ್ಲಾಡಳಿತಕ್ಕೆ ಅಸಾಧ್ಯವಾದ ಕೆಲಸವೇನಲ್ಲ.