ಸೆರೆಂಗೆಟಿಯಲ್ಲಿ ಯಾರ ಡೇರೆ?

‘ಸಫಾರಿ’ ಎಂದರೆ ಸ್ವಾಹಿಲಿ ಭಾಷೆಯಲ್ಲಿ ಪ್ರಯಾಣ. ಅರಬ್ಬಿಯ ‘ಸಫರ್’ ಇದರ ಮೂಲ. ಹಿಂದೆ ಬೇಟೆಗೆ ಬರುತ್ತಿದ್ದ ಐರೋಪ್ಯರ ಡೇರೆ, ಪಾತ್ರೆಪಗಡಿಗಳನ್ನು ಆಫ್ರಿಕನ್ ಕೂಲಿಗಳು ಹೊತ್ತು ನಡೆಯುತ್ತಿದ್ದರು. ಇಂದಿನ ಪ್ರವಾಸಿಯ ಕೈಯಲ್ಲಿರುವುದು ಕೋವಿಯಲ್ಲ, ಕ್ಯಾಮೆರಾ. ಡೇರೆ ಮಾತ್ರ ಉಳಿದುಕೊಂಡಿದೆ.

ಟಾಂಜಾನಿಯಾದ ಸೆರೆಂಗೆಟಿ ರಾಷ್ಟ್ರೀಯ ಉದ್ಯಾನದಲ್ಲಿ ತಂಗುದಾಣಗಳು ಎರಡು ಬಗೆ. ಸೆರೊನೆರಾದಲ್ಲಿ ಬಂಡೆಗಳ ನಡುವೆ ಕಟ್ಟಿದ ಲಾಡ್ಜ್‌ನಂಥವು ಕಾಯಂ ಕಟ್ಟಡಗಳು. ಇನ್ನೊಂದು ಸಂಚಾರಿ ಶಿಬಿರ. ವೈಲ್ಡ್‌ಬೀಸ್ಟ್ ಎಂಬ ಹತ್ತು ಲಕ್ಷಕ್ಕೂ ಹೆಚ್ಚು ಹುಲ್ಲೆಗಳು ಹಸಿರು ಅರಸಿ ಹೊರಟಂತೆ ಡೇರೆಗಳೂ ಜಾಗ ಬದಲಿಸುತ್ತವೆ: ವರ್ಷಾರಂಭಕ್ಕೆ ದಕ್ಷಿಣದ ಬಯಲು, ಜುಲೈ ನಂತರ ಉತ್ತರದ ಮಾರಾ ನದಿಯ ಆಸುಪಾಸು.

ಹೀಗೆ ಮಳೆಯನ್ನು ಹಿಂಬಾಲಿಸಿ ದನಗಳೊಡನೆ ಅಲೆಯುತ್ತಿದ್ದವರು ಮಸಾಯಿಗಳು. ಸೆರೆಂಗೆಟಿ ಎಂಬ ಹೆಸರೂ ಅವರ ಭಾಷೆಯದೇ. 1951ರಲ್ಲಿ ಉದ್ಯಾನ ಸ್ಥಾಪನೆಯಾಯಿತು. 1959ರಲ್ಲಿ ಬ್ರಿಟಿಷ್ ಆಡಳಿತ ಅವರನ್ನು ಪಕ್ಕದ ಗೊರೊಂಗೊರೊ ಪ್ರದೇಶಕ್ಕೆ ಕಳಿಸಿತು. 2022ರಲ್ಲಿ ಅಲ್ಲಿಂದಲೂ ದೂರದ ಮ್ಸೊಮೆರಾ ಗ್ರಾಮಕ್ಕೆ ಸ್ಥಳಾಂತರ ಆರಂಭವಾಯಿತು. ಇದು ಸ್ವಯಂಪ್ರೇರಿತವೆಂದು ಸರ್ಕಾರ ಹೇಳಿದರೂ ಹಲವು ಮಸಾಯಿಗಳು ವಿರೋಧಿಸಿದ್ದಾರೆ.

ಶುಲ್ಕ ತೆತ್ತ ಪ್ರವಾಸಿ ಈ ಬಯಲಲ್ಲಿ ಡೇರೆ ಹಾಕಿ ಮಲಗಬಹುದು. ದನಗಳೊಡನೆ ಬೀಡುಬಿಡಲು ಮಸಾಯಿಗೆ ಮಾತ್ರ ಅನುಮತಿಯಿಲ್ಲ.