ಮನೆಯೊಳಗಿನ ಗಾಳಿಯೂ ಉಬ್ಬಸದ ಬಾಧೆಯೂ

ಅನ್ನವಿಲ್ಲದೆ ಕೆಲವು ದಿನ ಇರಬಹುದು. ನೀರಿಲ್ಲದೆ ಒಂದೆರಡು ದಿನ ಇರಬಹುದು. ಉಸಿರಿಲ್ಲದೆ ಕೆಲವು ನಿಮಿಷಗಳೂ ಇರಲಾಗದು. ಹೀಗಿದ್ದರೂ ಅಕ್ಕಿಯನ್ನು ಆರಿಸಿ, ನೀರನ್ನು ಸೋಸಿ ಉಪಯೋಗಿಸುವ ನಾವು ಮನೆಯೊಳಗಿನ ಗಾಳಿಯ ವಿಷಯದಲ್ಲಿ ಅಷ್ಟು ಎಚ್ಚರಿಕೆ ವಹಿಸುವುದಿಲ್ಲ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಇಂದು ತಾಯಂದಿರಾಗಿದ್ದಾರೆ. ಉಬ್ಬಸದಿಂದ ನರಳುವ ಮಗುವನ್ನು ಮಡಿಲಲ್ಲಿಟ್ಟುಕೊಂಡು ರಾತ್ರಿಯೆಲ್ಲಾ ಬೆಳಗು ಮಾಡಿದವರು ಅವರಲ್ಲಿ ಕೆಲವರಾದರೂ ಇರಬೇಕು. ಅಂಥವರಿಗೆ ಪ್ರಯೋಜನವಾಗಲೆಂದು ಈ ನಾಲ್ಕು ಮಾತುಗಳನ್ನು ಬರೆಯುತ್ತೇವೆ.

ಒಬ್ಬರಿಗೆ ಏನೂ ಮಾಡದ ಧೂಳು ಮತ್ತೊಬ್ಬರಿಗೆ ಸೀನು, ಕಣ್ಣುರಿ, ಉಬ್ಬಸಗಳನ್ನು ತರುವುದೇಕೆ? ನಮ್ಮ ಶರೀರದಲ್ಲಿ ರೋಗಾಣುಗಳನ್ನು ಎದುರಿಸುವ ಒಂದು ಶಕ್ತಿಯುಂಟು. ಕೆಲವರಲ್ಲಿ ಅದು ನಿರಪಾಯವಾದ ಪದಾರ್ಥವನ್ನೂ ಶತ್ರುವೆಂದು ಭ್ರಮಿಸಿ ಹೋರಾಡತೊಡಗುತ್ತದೆ. ಆ ಹೋರಾಟದಿಂದಲೇ ಮೂಗಿನ ಒಳಪೊರೆಯು ಊದಿಕೊಳ್ಳುತ್ತದೆ, ಶ್ವಾಸನಾಳಗಳು ಬಿಗಿದುಕೊಳ್ಳುತ್ತವೆ. ಇಂಥ ಸ್ಥಿತಿಗೆ ಅಲರ್ಜಿ ಎಂಬ ಹೆಸರನ್ನು ವಿಯೆನ್ನಾ ನಗರದ ವೈದ್ಯರಾದ ಫಾನ್ ಪಿರ್ಕೆ ಎಂಬವರು ೧೯೦೬ನೆಯ ಇಸವಿಯಲ್ಲಿ ಕೊಟ್ಟರು. ಇದು ಅಂಟುರೋಗವಲ್ಲ, ಯಾರ ತಪ್ಪಿನ ಫಲವೂ ಅಲ್ಲ.

ಗಾಳಿಯಲ್ಲಿ ಬರುವ ಪರಾಗವು ಈ ಬಾಧೆಗೆ ಒಂದು ಕಾರಣ. ಇಂಗ್ಲೆಂಡಿನ ವೈದ್ಯರಾದ ಚಾರ್ಲ್ಸ್ ಬ್ಲ್ಯಾಕ್ಲಿ ಎಂಬವರು ತಮ್ಮ ಮೇಲೆಯೇ ಪ್ರಯೋಗಗಳನ್ನು ಮಾಡಿಕೊಂಡು, ೧೮೭೩ರಲ್ಲಿ ಇದನ್ನು ಪ್ರಕಟಿಸಿದರು. ನಮ್ಮಲ್ಲಿ ಅನೇಕರು ಅಂಗಳದ ದಾಸವಾಳವನ್ನೋ ಗುಲಾಬಿಯನ್ನೋ ದೂರುವುದುಂಟು. ಆದರೆ ಕಣ್ಣಿಗೆ ಅಂದವಾದ ಹೂಗಳ ಪರಾಗವು ಸಾಮಾನ್ಯವಾಗಿ ಭಾರವಾಗಿಯೂ ಅಂಟಾಗಿಯೂ ಇದ್ದು, ದುಂಬಿ ಜೇನುಗಳ ಮೂಲಕ ಸಾಗುತ್ತದೆ. ಗಾಳಿಯಲ್ಲಿ ಹೆಚ್ಚಾಗಿ ತೇಲುವುದು ಹುಲ್ಲುಗಳ, ಸರ್ವೆಮರದ, ಮತ್ತು ನಾವು ಕಾಂಗ್ರೆಸ್ ಗಿಡವೆನ್ನುವ ಪಾರ್ಥೇನಿಯಂ ಕಳೆಯ ಪರಾಗ. ಅಮೆರಿಕಾ ಖಂಡದಿಂದ ಬಂದ ಈ ಕಳೆಯು ೧೯೫೬ರಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು, ಬಳಿಕ ಬೆಂಗಳೂರಿನ ಖಾಲಿ ನಿವೇಶನಗಳನ್ನೆಲ್ಲಾ ಆಕ್ರಮಿಸಿತು. ಮನೆಯ ಸುತ್ತ ಇದು ಬೆಳೆದಿದ್ದರೆ ಹೂ ಬಿಡುವ ಮೊದಲೇ ಕೀಳಿಸಬೇಕು. ಕೀಳುವವರು ಕೈಚೀಲ ತೊಟ್ಟುಕೊಂಡಿರಬೇಕು, ಏಕೆಂದರೆ ಅದರ ಸ್ಪರ್ಶದಿಂದ ಚರ್ಮಕ್ಕೂ ಕೇಡುಂಟು. ಪರಾಗದ ಕಾಲದಲ್ಲಿ, ಒಣಗಾಳಿ ಬೀಸುವ ಹೊತ್ತು ಮಲಗುವ ಕೋಣೆಯ ಕಿಟಕಿಯನ್ನು ಮುಚ್ಚಿಡುವುದೂ, ಹೊರಗಿನಿಂದ ಬಂದೊಡನೆ ಮುಖ ತೊಳೆದು ಬಟ್ಟೆ ಬದಲಾಯಿಸುವುದೂ ಒಳ್ಳೆಯದು.

ಆದರೆ ಕಿಟಕಿ ಮುಚ್ಚಿದ ಮಾತ್ರಕ್ಕೆ ಶತ್ರುವು ಹೊರಗುಳಿದನೆಂದು ತಿಳಿಯಬಾರದು. ವರ್ಷವಿಡೀ ಕಾಡುವ ಕಾರಣವು ನಾವು ಮಲಗುವ ಹಾಸಿಗೆಯಲ್ಲಿಯೇ ಇರುತ್ತದೆ. ಮನೆಯ ಧೂಳಿನಲ್ಲಿ ವಾಸಿಸುವ ನುಸಿಯೇ ಇದಕ್ಕೆ ಮೂಲವೆಂದು ಹಾಲೆಂಡಿನ ವಿಜ್ಞಾನಿಗಳು ೧೯೬೪ರಲ್ಲಿ ತೋರಿಸಿಕೊಟ್ಟರು. ಒಂದು ಮಿಲಿಮೀಟರಿನ ಮೂರರಲ್ಲೊಂದು ಭಾಗದಷ್ಟಿರುವ ಈ ಜೀವಿಯು ನಮ್ಮ ಮೈಯಿಂದ ಉದುರುವ ಚರ್ಮದ ಹುಡಿಯನ್ನು ತಿಂದು ಬದುಕುತ್ತದೆ. ಇದು ಕಚ್ಚುವುದಿಲ್ಲ, ಇದರ ಮಲದ ಕಣಗಳು ಉಸಿರಿನೊಡನೆ ಒಳಸೇರುವುದೇ ಬಾಧೆಗೆ ಕಾರಣ. ಇದು ನೀರು ಕುಡಿಯದೆ ಗಾಳಿಯ ತೇವವನ್ನೇ ಹೀರುವುದರಿಂದ ಕರಾವಳಿ ಮಲೆನಾಡುಗಳ ಮನೆಗಳಲ್ಲಿ ಚೆನ್ನಾಗಿ ವೃದ್ಧಿಯಾಗುತ್ತದೆ. ತೇವವಿದ್ದಲ್ಲಿ ಗೋಡೆಗೆ ಬೂಷ್ಟೂ ಹಿಡಿಯುತ್ತದೆ. ಅಡಿಗೆಮನೆಯ ಜಿರಳೆಗಳೂ ಇದೇ ಕೇಡನ್ನು ಮಾಡುತ್ತವೆ.

ಇವಕ್ಕೆ ಪರಿಹಾರವೇನು? ಮೊದಲು ಮಲಗುವ ಕೋಣೆಯನ್ನು ನೋಡಿಕೊಳ್ಳಬೇಕು, ದಿನದ ಮೂರರಲ್ಲೊಂದು ಪಾಲು ಅಲ್ಲಿಯೇ ಕಳೆಯುವುದಷ್ಟೆ. ದುಪ್ಪಟಿ, ದಿಂಬಿನ ಚೀಲಗಳನ್ನು ವಾರಕ್ಕೊಮ್ಮೆ ೬೦ ಡಿಗ್ರಿ ಸೆಂಟಿಗ್ರೇಡಿನಷ್ಟು, ಎಂದರೆ ಕೈಯಿಡಲಾಗದಷ್ಟು ಬಿಸಿಯಾದ ನೀರಿನಲ್ಲಿ ನೆನೆಸಿ ಒಗೆಯಬೇಕು. ತಣ್ಣೀರಿನಲ್ಲಿ ನುಸಿಗಳು ಸಾಯುವುದಿಲ್ಲ. ಒಗೆಯಲಾಗದ ಹಾಸಿಗೆಯನ್ನು ಕಡುಬಿಸಿಲಿಗೆ ಹಾಕುವ ನಮ್ಮ ಅಜ್ಜಿಯರ ಪದ್ಧತಿಯು ಯುಕ್ತವಾದುದೇ; ಬಿಸಿಲು ಅವುಗಳನ್ನು ಒಣಗಿಸುತ್ತದೆ. ಆದರೆ ಸತ್ತ ನುಸಿಯ ಹುಡಿಯೂ ಕೆಡಕೇ ಆದುದರಿಂದ, ಬಳಿಕ ಹಾಸಿಗೆಯನ್ನು ಮನೆಯಿಂದ ದೂರ ಕೊಡವಿ, ಒತ್ತಾಗಿ ನೇಯ್ದ ಬಟ್ಟೆಯ ಚೀಲವನ್ನು ಪೂರ್ತಿಯಾಗಿ ತೊಡಿಸಬೇಕು. ರತ್ನಗಂಬಳಿಗಳನ್ನೂ, ಗೋಡೆಯ ಗೂಟಕ್ಕೆ ನೇತುಹಾಕಿದ ಬಟ್ಟೆಗಳನ್ನೂ ಆ ಕೋಣೆಯಿಂದ ತೆಗೆಯಬೇಕು. ಮಳೆಗಾಲದಲ್ಲಿ ಒದ್ದೆ ಬಟ್ಟೆಗಳನ್ನು ಅಲ್ಲಿ ಒಣಹಾಕಬಾರದು. ಸೋರುವ ಹೆಂಚನ್ನು ಸರಿಪಡಿಸಬೇಕು. ಪರಾಗದ ಕಾಲ ಕಳೆದ ಮೇಲೆ ಕಿಟಕಿಗಳನ್ನು ತೆರೆದು ಗಾಳಿಯಾಡಿಸಬೇಕು.

ಗಾಳಿಯನ್ನು ಸೋಸುವ ಯಂತ್ರಗಳ ಬಗೆಗೂ ಒಂದು ಮಾತು. ಹೆಪಾ ಎಂಬ ಸೋಸುಕವುಳ್ಳ ಯಂತ್ರವು ಹೊಗೆ, ಪರಾಗ, ಬೆಕ್ಕುನಾಯಿಗಳ ಮೈಹುಡಿ ಇವನ್ನು ಹಿಡಿಯಬಲ್ಲದು. ಆದರೆ ನುಸಿಯ ಕಣಗಳು ಎದ್ದ ಸ್ವಲ್ಪ ಹೊತ್ತಿನಲ್ಲೇ ಕೆಳಗಿಳಿಯುವುದರಿಂದ, ಹಾಸಿಗೆಯನ್ನು ಹಾಗೆಯೇ ಬಿಟ್ಟು ಯಂತ್ರವನ್ನು ಕೊಂಡರೆ ಹಣವು ವ್ಯರ್ಥವಾದೀತು. ಊದುಬತ್ತಿ, ಸಾಂಬ್ರಾಣಿ, ಸೊಳ್ಳೆಬತ್ತಿಗಳ ಹೊಗೆಯು ಗಾಳಿಯನ್ನು ಶುದ್ಧಮಾಡುವುದಿಲ್ಲ. ಕೆರಳಿದ ಶ್ವಾಸನಾಳವನ್ನು ಮತ್ತಷ್ಟು ಕೆರಳಿಸುತ್ತದೆ. ಸೊಳ್ಳೆಗೆ ಪರದೆಯೇ ಲೇಸು, ಅದನ್ನೂ ಆಗಾಗ ಒಗೆಯುತ್ತಿರಬೇಕು.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವ ಮಾತು. ನಮ್ಮ ಮನೆಗಳಲ್ಲಿ ಗುಡಿಸುವುದು, ಅಟ್ಟದ ಧೂಳು ಹೊಡೆಯುವುದು, ಹಾಸಿಗೆ ಕೊಡಹುವುದು ಇವೆಲ್ಲ ಹೆಣ್ಣುಮಕ್ಕಳ ಪಾಲಿಗೆ ಬಂದ ಕೆಲಸಗಳು. ಒಣ ಪೊರಕೆಯು ನೆಲದ ಧೂಳನ್ನು ಮೂಗಿನ ಮಟ್ಟಕ್ಕೆ ಎತ್ತುತ್ತದೆ. ಉಬ್ಬಸವಿರುವ ಹುಡುಗಿಯ ಕೈಗೆ ಪೊರಕೆಯನ್ನು ಕೊಟ್ಟು, ರಾತ್ರಿ ಅವಳು ಏದುಸಿರು ಬಿಡುವಾಗ ಬಾಳೆಹಣ್ಣು ತಿಂದದ್ದೇ ಕಾರಣವೆಂದು ಗದರಿಸುವುದು ನ್ಯಾಯವೆ? ಆ ಕೆಲಸವನ್ನು ಅಣ್ಣನೋ ತಂದೆಯೋ ಮಾಡಲಿ. ಆಕೆಯು ಆ ಹೊತ್ತು ಹೊರಗಿರಲಿ. ಗುಡಿಸುವುದಕ್ಕೆ ಬದಲಾಗಿ ಒದ್ದೆಬಟ್ಟೆಯಿಂದ ಒರಸುವುದು ರೂಢಿಯಾಗಲಿ.

ಇದಕ್ಕಿಂತಲೂ ದುಃಖಕರವಾದುದು, ಮಗಳ ಮದುವೆಗೆ ಅಡ್ಡಿಯಾದೀತೆಂದು ರೋಗವನ್ನು ಮುಚ್ಚಿಡುವುದು. ಸೇದುವ ಔಷಧವನ್ನು ನಾಲ್ಕು ಜನರೆದುರಿಗೆ ತೆಗೆಯಲು ನಾಚಿ, ಉಸಿರು ಕಟ್ಟಿಕೊಂಡು ಕುಳಿತ ಹುಡುಗಿಯರನ್ನು ನಾವು ಬಲ್ಲೆವು. ವೈದ್ಯರು ಕೊಟ್ಟ ಇನ್‌ಹೇಲರನ್ನು ಬಿಡುವುದು ಪ್ರಾಣಕ್ಕೇ ಅಪಾಯ. ಮೇಲೆ ಹೇಳಿದ ಉಪಾಯಗಳು ಔಷಧಕ್ಕೆ ಸಹಾಯವೇ ಹೊರತು ಔಷಧದ ಸ್ಥಾನವನ್ನು ತುಂಬಲಾರವು. ಒಂದನ್ನು ಮಾಡಿ ಉಳಿದವನ್ನು ಬಿಟ್ಟರೆ ಫಲವೂ ಅಲ್ಪವೇ. ಯಾವ ಪದಾರ್ಥವು ಒಗ್ಗದೆಂಬುದನ್ನು ವೈದ್ಯರು ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆಯಿಂದ ತಿಳಿಸಬಲ್ಲರು. ಅದನ್ನು ತಿಳಿದುಕೊಂಡು ಮನೆಯವರೆಲ್ಲರೂ ಕೈಗೂಡಿಸುವುದೇ ವಿವೇಕ.

ಉಸಿರು ದೇವರ ವರವೆಂದು ನಾವೆಲ್ಲರೂ ಈ ಶಾಲೆಯಲ್ಲಿ ಕಲಿತವರು. ಆ ವರವು ನಮ್ಮ ಮಕ್ಕಳಿಗೆ ರಾತ್ರಿಯಲ್ಲಿಯೂ ನಿರಾತಂಕವಾಗಿ ದೊರೆಯುವಂತೆ ಮಾಡುವುದು ನಮ್ಮ ಕರ್ತವ್ಯ. ಈ ವಾರ ಹಂಡೆಯ ನೀರನ್ನು ಸ್ವಲ್ಪ ಹೆಚ್ಚು ಕಾಯಿಸಿ, ದುಪ್ಪಟಿಗಳಿಂದಲೇ ಪ್ರಾರಂಭಿಸೋಣ.